ರೋಗಿಯ ಕಡತದಲ್ಲಿ ಸಂಕ್ಷಿಪ್ತಾಕ್ಷರಗಳನ್ನು ನಿಷೇಧಿಸಬೇಕೇ?

ಪರ: ಸಂಕ್ಷೇಪದಿಂದ ಉಳಿತಾಯ ಎರಡೇ ಸೆಕೆಂಡು

ಎಂ.ಎಸ್. ಎಂದು ಬರೆದಿದೆ. ಹೃದ್ರೋಗ ತಜ್ಞರು ಅದನ್ನು ಮೈಟ್ರಲ್ ಸ್ಟೆನೋಸಿಸ್ (ಹೃದಯದ ಕವಾಟ ಕಿರಿದಾಗುವ ತೊಂದರೆ) ಎಂದು ಓದುತ್ತಾರೆ, ನರರೋಗ ತಜ್ಞರು ಮಲ್ಟಿಪಲ್ ಸ್ಕ್ಲಿರೋಸಿಸ್ (ಮೆದುಳು, ಬೆನ್ನುಹುರಿಯ ಕಾಯಿಲೆ) ಎಂದು. ಔಷಧದ ಹಾಳೆಗೆ ಬಂದರೆ ಅದು ಮಾರ್ಫಿನ್ ಸಲ್ಫೇಟ್ ಆಗಬಹುದು, ಮೆಗ್ನೀಸಿಯಮ್ ಸಲ್ಫೇಟೂ ಆಗಬಹುದು. ಮಾರ್ಫಿನ್ ತೀವ್ರ ನೋವಿನ ಮದ್ದು, ಲೆಕ್ಕ ಮಿಲಿಗ್ರಾಂಗಳಲ್ಲಿ. ಮೆಗ್ನೀಸಿಯಮ್ ಅನ್ನು ಎಕ್ಲಾಂಪ್ಸಿಯಾದ, ಅಂದರೆ ರಕ್ತದೊತ್ತಡ ಏರಿದ ಗರ್ಭಿಣಿ, ಬಾಣಂತಿಯರಿಗೆ ಬರುವ ಸೆಳವಿಗೆ ಕೊಡುತ್ತಾರೆ, ರಕ್ತನಾಳಕ್ಕೆ ಹೋಗುವ ಮೊದಲ ಡೋಸೇ 4 ಗ್ರಾಂ. ಯಾವುದು ಅತಿಯಾದರೂ ಉಸಿರಾಟ ಕುಗ್ಗುತ್ತದೆ.

ಇನ್ಸುಲಿನ್ ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಗೀಚುವ ಅಭ್ಯಾಸವಂತೂ ಇನ್ನೂ ಕೆಟ್ಟದ್ದು. ಅವಸರದಲ್ಲಿ ಆ ಅಕ್ಷರದ ತೆರೆದ ಬಾಯಿ ಕೂಡಿಕೊಂಡರೆ ಅದೇ ಸೊನ್ನೆ. 4 ಯೂನಿಟ್ ಕೊಡಬೇಕಾದಲ್ಲಿ ಸಿರಿಂಜಿಗೆ 40 ಏರುತ್ತದೆ. ರಕ್ತದ ಸಕ್ಕರೆ ಕುಸಿದು ಮೊದಲು ಬೆವರು, ನಡುಕ, ಆಮೇಲೆ ಗೊಂದಲದ ಮಾತು, ಗ್ಲೂಕೋಸ್ ಕೊಡುವುದು ತಡವಾದರೆ ಪ್ರಜ್ಞೆಯೇ ತಪ್ಪುತ್ತದೆ. ಮೈಕ್ರೋಗ್ರಾಂನ ಗ್ರೀಕ್ ಚಿಹ್ನೆಯ (μ) ಬಾಲ ಅಳಿಸಿದರೆ ಅದು ಮಿಲಿಗ್ರಾಂನಂತೆ ಕಾಣುತ್ತದೆ, ಡೋಸು ಸಾವಿರ ಪಟ್ಟು. ಓ.ಡಿ. ಎಂದರೆ ಕೆಲವರಿಗೆ ದಿನಕ್ಕೊಮ್ಮೆ, ಕಣ್ಣಿನ ವೈದ್ಯರಿಗೆ ಬಲಗಣ್ಣು, ತುರ್ತು ವಿಭಾಗದಲ್ಲಿ ಔಷಧದ ಮಿತಿಮೀರಿದ ಸೇವನೆ. ದಿನಕ್ಕೊಮ್ಮೆ ಕುಡಿಸಬೇಕಾದ ದ್ರವವನ್ನು ಕಣ್ಣಿಗೆ ಹಾಕುವ ಎಡವಟ್ಟು ಹುಟ್ಟುವುದು ಇಲ್ಲಿಂದಲೇ.

ಸಂದರ್ಭ ನೋಡಿದರೆ ಅರ್ಥವಾಗುತ್ತದಲ್ಲ ಎನ್ನುತ್ತಾರೆ. ಸಂದರ್ಭ ಇರುವುದು ಬರೆದವರ ತಲೆಯಲ್ಲಿ. ಓದುವವರು ಬೇರೆ ವಿಭಾಗದಿಂದ ಆ ರಾತ್ರಿಯ ಪಾಳಿಗಷ್ಟೇ ಬಂದ ದಾದಿ ಇರಬಹುದು.

ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ಬಳಸಬಾರದ ಸಂಕ್ಷೇಪಗಳ ಪಟ್ಟಿ ಹೊರಡಿಸಿತು. ಯು, ಎಂ.ಎಸ್. ಎರಡೂ ಅದರಲ್ಲಿವೆ. ಆ ಪಟ್ಟಿಯನ್ನು ಹಿಗ್ಗಿಸಿ, ಒಂದಕ್ಕಿಂತ ಹೆಚ್ಚು ಅರ್ಥವಿರುವ ಎಲ್ಲವನ್ನೂ ಸೇರಿಸಬೇಕು. ಮಾಡಬೇಕಾದ್ದು ಕಷ್ಟವೇನಲ್ಲ. ರೋಗದ ಹೆಸರು, ಮದ್ದಿನ ಹೆಸರು ಪೂರ್ತಿ ಬರೆಯಿರಿ. ಅಂಕಿ ಬರೆದು, ಜಾಗ ಬಿಟ್ಟು, ಯೂನಿಟ್ ಎಂದು ಬರೆಯಿರಿ. 1.0 ಎಂದು ಬರೆಯಬೇಡಿ, ಬಿಂದು ಮಸುಕಾದರೆ ಅದು 10. ಅರ್ಧಕ್ಕೆ 0.5 ಎಂದೇ ಬರೆಯಿರಿ, ಬಿಂದುವಿಗೆ ಮೊದಲು ಬರುವ ಸೊನ್ನೆ ಬಿಟ್ಟು, ಬಿಂದುವೂ ಮಸುಕಾದರೆ 5 ಆಗುತ್ತದೆ. ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಮಾತಿನಲ್ಲೇ ಹೇಳಿ: ದಿನಕ್ಕೊಮ್ಮೆ, ದಿನ ಬಿಟ್ಟು ದಿನ, ರಾತ್ರಿ ಮಲಗುವಾಗ.

ವಿರೋಧ: ಪೂರ್ಣ ಹೆಸರೂ ಕೈಕೊಡುತ್ತದೆ

ಡೋಸಿನ ವಿಷಯದಲ್ಲಿ ಮೇಲಿನ ವಾದವನ್ನು ತಳ್ಳಿಹಾಕಲಾಗದು. ಆದರೆ ಅಲ್ಲಿನ ಮುಖ್ಯ ಉದಾಹರಣೆಗಳು ಕೈಬರಹದವು. ಆದೇಶವನ್ನು ಕಂಪ್ಯೂಟರಿನಲ್ಲಿ ಪಟ್ಟಿಯಿಂದ ಆರಿಸುವ ಕಡೆ ಯು ಅಕ್ಷರದ ಬಾಯಿ ಕೂಡಿಕೊಳ್ಳುವುದಿಲ್ಲ.

ಪೂರ್ತಿ ಬರೆದರೆ ಗೊಂದಲ ತೀರುತ್ತದೆ ಎಂಬುದೂ ನಿಜವಲ್ಲ. ಹೈಡ್ರಲಜೀನ್ ರಕ್ತದೊತ್ತಡದ ಮದ್ದು, ಹೈಡ್ರಾಕ್ಸಿಜೀನ್ ಅಲರ್ಜಿ, ತುರಿಕೆಯದು. ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಎರಡೂ ಕ್ಯಾನ್ಸರಿನವು, ಡೋಸು ಬೇರೆ ಬೇರೆ. ಇವುಗಳನ್ನು ಪೂರ್ತಿ ಬರೆದಾಗಲೇ ಅದಲುಬದಲಾಗುವುದು! ಅದಕ್ಕೇ ಇಂಗ್ಲಿಷ್ ಲೇಬಲ್‌ಗಳಲ್ಲಿ ಹೆಸರಿನ ವ್ಯತ್ಯಾಸವಿರುವ ಭಾಗವನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ಪದ್ಧತಿ ಬಂತು. ಅದಕ್ಕೂ ಸಂಕ್ಷೇಪ ನಿಷೇಧಕ್ಕೂ ಸಂಬಂಧವಿಲ್ಲ.

ಎಲ್ಲವನ್ನೂ ಬಿಡಿಸಿ ಬರೆಯಲು ಹೊರಟರೆ ಇ.ಸಿ.ಜಿ. ಜಾಗದಲ್ಲಿ ಎಲೆಕ್ಟ್ರೋಕಾರ್ಡಿಯೋಗ್ರಾಂ, ಡಿ.ಎನ್.ಎ. ಜಾಗದಲ್ಲಿ ಡಿಆಕ್ಸಿರೈಬೋನ್ಯೂಕ್ಲಿಯಿಕ್ ಆಮ್ಲ. ಪುಟ ಉದ್ದವಾಗಿ, ನೋಡಲೇಬೇಕಾದ ಸಾಲು ಅದರಲ್ಲಿ ಮುಳುಗಿಹೋಗುತ್ತದೆ. ಪಿ.ಸಿ.ಆರ್. ಎಂದರೆ ಪಾಲಿಮರೇಸ್ ಸರಣಿ ಕ್ರಿಯೆ (ರೋಗಾಣುವಿನ ವಂಶವಾಹಿ ಪತ್ತೆಹಚ್ಚುವ ಪರೀಕ್ಷೆ), ಮೂತ್ರಪಿಂಡ ವಿಭಾಗದಲ್ಲಿ ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ. ಗಂಟಲ ದ್ರವದ ಪಿ.ಸಿ.ಆರ್. ಎಂದು ಬರೆದರೆ ಎರಡನೆಯ ಅರ್ಥಕ್ಕೆ ಜಾಗವೇ ಇಲ್ಲ. ಔಷಧ, ಅಳತೆ, ಡೋಸಿನ ಅವಧಿ, ಈ ಮೂರರಲ್ಲಿ ನಿಷೇಧವಿರಲಿ. ಉಳಿದಲ್ಲಿ ಮೊದಲ ಸಲ ಪೂರ್ಣ ರೂಪ ಬರೆದು, ಪಕ್ಕದಲ್ಲಿ ಸಂಕ್ಷೇಪ ಕೊಟ್ಟು ಮುಂದುವರಿದರೆ ಸಾಕು.