ಚರ್ಚಿನ ಅಂಗಳದ ಶಿಲುಬೆ

ಮುಂಬಯಿಯ ಬಾಂದ್ರಾದಲ್ಲಿರುವ ಸೇಂಟ್ ಆಂಡ್ರ್ಯೂಸ್ ಚರ್ಚಿನ ಕುರಿತು ನಾನು ಓದಿದ ಲೇಖನವು 1575ರಷ್ಟು ಹಳೆಯ ಅದರ ಇತಿಹಾಸವನ್ನು ಸೊಗಸಾಗಿ ವಿವರಿಸಿದೆಯಾದರೂ, ಅಂಗಳದ ಕಲ್ಲಿನ ಶಿಲುಬೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿರುವುದು ನನಗೆ ಕೊರತೆಯಾಗಿ ಕಂಡಿತು. ಸುಮಾರು 17 ಅಡಿ ಎತ್ತರದ ಆ ಏಕಶಿಲಾ ಶಿಲುಬೆಯು ಮೂಲತಃ ಜೆಸ್ಯೂಟ್ (ಯೇಸು ಸಭೆ ಎಂಬ ಕ್ಯಾಥೊಲಿಕ್ ಸಂಘದ) ಪಾದ್ರಿಗಳ ಸಂತ ಆನ್ ವಿದ್ಯಾಲಯದಲ್ಲಿದ್ದು, 18ನೆಯ ಶತಮಾನದಲ್ಲಿ ಆ ಕಟ್ಟಡ ನೆಲಸಮವಾದ ಬಹುಕಾಲದ ಬಳಿಕ ಇಲ್ಲಿಗೆ ಬಂದು ನಿಂತಿತು. ಅದರ ಮೈಮೇಲೆ ಯೇಸುವಿನ ಯಾತನೆಯ ಕುರುಹುಗಳನ್ನು ಕೆತ್ತಲಾಗಿದೆ. ಜೈನ ಬಸದಿಗಳ ಮುಂದಿನ ಎತ್ತರದ ಕಲ್ಲುಕಂಬವಾದ ಮಾನಸ್ತಂಭವನ್ನು ನೋಡಿ ಬೆಳೆದ ನಮ್ಮಂಥ ಕರಾವಳಿಯವರಿಗೆ, ಅಂಗಳದಲ್ಲಿ ಹೀಗೆ ಒಂಟಿಯಾಗಿ ನಿಂತ ಕಲ್ಲು ಅಪರಿಚಿತವೆನಿಸುವುದಿಲ್ಲ. ಪಕ್ಕದ ಸಮಾಧಿಗಳ ಮೇಲಿನ ಬರಹಗಳನ್ನು, ಮಳೆಗೂ ಕಡಲಿನ ಉಪ್ಪುಗಾಳಿಗೂ ಪೂರ್ತಿ ಸವೆದುಹೋಗುವ ಮುನ್ನ, ಲೇಖಕರು ಮುಂದಿನ ಕಂತಿನಲ್ಲಾದರೂ ಚಿತ್ರಸಹಿತ ದಾಖಲಿಸಬೇಕೆಂದು ವಿನಂತಿಸುತ್ತೇನೆ.