ಮೈಕಿನ ಮುಂದೆ ಇಪ್ಪತ್ತು ನಿಮಿಷ

ಈಗಷ್ಟೇ ಒಂದು ಸಮಾರಂಭದಿಂದ ಮನೆಗೆ ಬಂದಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದುಕೊಂಡಿದ್ದೆ. ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲವಾದ್ದರಿಂದ ಈಗಲೇ ಬರೆಯುತ್ತಿದ್ದೇನೆ. ಜೈಲಿನಿಂದ ಹೊರಬಂದ ಗಂಡಸರಿಗೆ ಕೆಲವು ತಿಂಗಳ ಮಟ್ಟಿಗೆ ವಸತಿಯನ್ನೂ ಊಟವನ್ನೂ ಕೊಟ್ಟು, ಕೆಲಸ ಹುಡುಕಲು ನೆರವಾಗುವ ಒಂದು ಧಾರ್ಮಿಕ ಸಂಸ್ಥೆಯ ನಿಲಯಕ್ಕೆ ನಾನು ವಾರಕ್ಕೊಮ್ಮೆ ಹೋಗಿ ಅರ್ಜಿಗಳನ್ನು ತುಂಬಿಕೊಡುತ್ತೇನೆಂಬುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ದೇವರ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂಬುದೂ ಗೊತ್ತು. ಯಾವ ಧರ್ಮದ ಸಂಸ್ಥೆಯೆಂದು ಮಾತ್ರ ಕೇಳಬೇಡಿ. ಹೇಳಿದರೆ ಅರ್ಧ ಜನ ಆ ಧರ್ಮವನ್ನು ಬಯ್ಯಲು, ಉಳಿದರ್ಧ ಜನ ಅದನ್ನು ಕಾಯಲು ಇಳಿಯುತ್ತೀರಿ, ನನ್ನ ಮಾತು ಬಿದ್ದಲ್ಲೇ ಬಿದ್ದಿರುತ್ತದೆ.

ಇಂದು ದಾನಿಗಳ ಸಭೆಯಿತ್ತು. ಬಿಡುಗಡೆಯಾಗಿ ಇನ್ನೂ ಒಂದು ತಿಂಗಳಾಗದ ಒಬ್ಬನನ್ನು ವೇದಿಕೆಗೆ ಕರೆದು, ಕೈಗೆ ಮೈಕು ಕೊಟ್ಟು, ತಾನು ಏನು ಮಾಡಿ ಜೈಲು ಸೇರಿದೆ, ದೇವರು ತನ್ನನ್ನು ಹೇಗೆ ಬದಲಾಯಿಸಿದ ಎಂಬುದನ್ನು ಹೇಳಿಸಿದರು. ಅವನು ಘಟನೆಯನ್ನು ಎರಡೇ ವಾಕ್ಯದಲ್ಲಿ ದಾಟಿಸಿ ಮುಂದೆ ಹೋಗಲು ನೋಡಿದ. ನಿರೂಪಕರು ಬಿಡಲಿಲ್ಲ. ‘ಆ ರಾತ್ರಿ ಏನಾಯಿತು, ಅದನ್ನೂ ಸ್ವಲ್ಪ ಹೇಳಪ್ಪ’ ಎಂದು ಮೃದುವಾಗಿ ಕೇಳಿದರು. ಅವನು ಹೇಳಿದ. ಸಭೆ ಕಣ್ಣೊರೆಸಿಕೊಂಡಿತು, ಎದ್ದು ನಿಂತು ಚಪ್ಪಾಳೆ ತಟ್ಟಿತು, ಆಮೇಲೆ ದೇಣಿಗೆಯ ಲಕೋಟೆಗಳು ಸಾಲಿನಿಂದ ಸಾಲಿಗೆ ಹೋದವು. ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ನ್ಯಾಯಾಲಯದಲ್ಲಾದರೂ ಅವನ ಪರವಾಗಿ ಮಾತನಾಡಲು ಒಬ್ಬ ವಕೀಲರಿದ್ದರು.

ಶಿಕ್ಷೆ ಎಂದರೆ ಅದಕ್ಕೊಂದು ಅವಧಿ ಇರುತ್ತದೆ. ನ್ಯಾಯಾಧೀಶರು ಇಷ್ಟು ವರ್ಷವೆಂದು ಬರೆದರು, ಅವನು ಅಷ್ಟು ವರ್ಷವನ್ನೂ ಕಳೆದು ಬಂದ. ಹಾಗಿರುವಾಗ ಒಂದು ಹಾಸಿಗೆ, ಒಂದು ಬೀಗದ ಕೈ ಕೊಟ್ಟದ್ದಕ್ಕಾಗಿ ಅದೇ ಅಪರಾಧವನ್ನು ಅವನು ಪರಿಚಯವಿಲ್ಲದವರ ಮುಂದೆ ಮತ್ತೆ ಮತ್ತೆ ಹೇಳಬೇಕೆಂಬ ಆದೇಶ ಯಾವ ತೀರ್ಪಿನಲ್ಲಿತ್ತು? ‘ಯಾರನ್ನೂ ಬಲವಂತ ಮಾಡಿಲ್ಲ, ಅವನೇ ಒಪ್ಪಿದ್ದು’ ಎಂದು ವ್ಯವಸ್ಥಾಪಕರು ನನಗೆ ಹೇಳಿದರು. ಮಲಗುವ ಜಾಗ ಅವರ ಕೈಯಲ್ಲಿರುವಾಗ ಅವನು ಬೇರೇನು ಹೇಳಿಯಾನು? ಅಮೆರಿಕದ ಅಯೋವಾದ ಒಂದು ಜೈಲಿನಲ್ಲಿ ಸರ್ಕಾರದ ಹಣ ಪಡೆದು ನಡೆಯುತ್ತಿದ್ದ ಕ್ರೈಸ್ತ ಪುನರ್ವಸತಿ ಕಾರ್ಯಕ್ರಮವು ಸಂವಿಧಾನಕ್ಕೆ ವಿರುದ್ಧವೆಂದು 2006ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಾಗಲೂ, ಮುಂದಿನ ವರ್ಷ ಮೇಲ್ಮನವಿ ನ್ಯಾಯಾಲಯ ಅದರ ಮುಖ್ಯಾಂಶವನ್ನು ಎತ್ತಿಹಿಡಿದಾಗಲೂ, ಅಲ್ಲಿ ಚರ್ಚೆಗೆ ಬಂದಿದ್ದ ಪ್ರಶ್ನೆಗಳಲ್ಲಿ ಇದೂ ಒಂದು: ಇಲ್ಲದವನಿಗೆ ಸೌಲಭ್ಯದ ಜೊತೆಗೇ ಕಟ್ಟಿಕೊಟ್ಟ ಧರ್ಮವನ್ನು ಅವನು ಸ್ವಂತ ಇಚ್ಛೆಯಿಂದ ಆರಿಸಿಕೊಂಡನೆನ್ನಬಹುದೇ?

ದೇವರು ತನ್ನನ್ನು ಬದಲಾಯಿಸಿದ್ದಕ್ಕೆ ಜನರ ಮುಂದೆ ಸಾಕ್ಷಿ ಹೇಳುವುದು ನಂಬಿಕೆಯ ಭಾಗವೇ ಅಲ್ಲವೇ ಎಂದು ನೀವು ಕೇಳುತ್ತೀರಿ. ಚಾರ್ಲ್ಸ್ ಕೋಲ್ಸನ್ನರನ್ನೂ ನೆನಪಿಸುತ್ತೀರಿ. ಅಮೆರಿಕದ ಅಧ್ಯಕ್ಷ ನಿಕ್ಸನ್ನರ ಆಪ್ತರಾಗಿದ್ದು, ವಾಟರ್‌ಗೇಟ್ ಹಗರಣದ ಕಾಲದ ಪ್ರಕರಣದಲ್ಲಿ 1974ರಲ್ಲಿ ಜೈಲು ಸೇರಿ, ಹೊರಬಂದು 1976ರಲ್ಲಿ ಕೈದಿಗಳ ನಡುವೆ ಕೆಲಸ ಮಾಡುವ ಪ್ರಿಸನ್ ಫೆಲೋಶಿಪ್ ಎಂಬ ಕ್ರೈಸ್ತ ಸಂಸ್ಥೆಯನ್ನು ಸ್ಥಾಪಿಸಿದ ಆ ಮನುಷ್ಯ ತಮ್ಮ ಕತೆಯನ್ನು ಊರೂರಿಗೆ ಹೇಳಿದ್ದು ನಿಜ. ಆದರೆ ಅವರು ಹೇಳಿದ್ದು ತಮ್ಮ ಕತೆಯನ್ನು, ತಮಗೆ ಬೇಕಾದಾಗ, ತಮಗೆ ಬೇಕಾದಷ್ಟನ್ನು. ಹೇಳದಿದ್ದರೆ ಆ ರಾತ್ರಿ ಅವರು ಬೀದಿಯಲ್ಲಿ ಮಲಗಬೇಕಾಗಿರಲಿಲ್ಲ.

1959ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಚಾರ್ಲ್ಸ್ ಕ್ಲಾರ್ಕ್ ಎಂಬ ಜೆಸ್ವಿಟ್ ಪಾದ್ರಿ ಬಿಡುಗಡೆಯಾದ ಕೈದಿಗಳಿಗಾಗಿ ತೆರೆದ ಮನೆಗೆ ಡಿಸ್ಮಸ್ ಹೌಸ್ ಎಂದು ಹೆಸರಿಟ್ಟರು. ಡಿಸ್ಮಸ್ ಎಂದರೆ ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿಸಲ್ಪಟ್ಟ ಕಳ್ಳನಿಗೆ ಪರಂಪರೆ ಕೊಟ್ಟ ಹೆಸರು. ಲೂಕನ ಸುವಾರ್ತೆಯಲ್ಲಿ ಆ ಕಳ್ಳ, ನಮ್ಮ ಕೃತ್ಯಕ್ಕೆ ತಕ್ಕದ್ದನ್ನೇ ಅನುಭವಿಸುತ್ತಿದ್ದೇವೆ ಎನ್ನುತ್ತಾನೆ, ಅಷ್ಟೇ. ಏನು ಕದ್ದೆ, ಯಾರಿಂದ ಕದ್ದೆ, ಆ ರಾತ್ರಿ ಏನಾಯಿತು ಎಂದು ಯೇಸು ವಿಚಾರಿಸಿಕೊಳ್ಳುವುದಿಲ್ಲ. ಅಂದೇ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಜಾಗ ಕೊಡುತ್ತಾನೆ. (ಇದನ್ನು ಓದಿ, ಓಹೋ ಇದು ಕ್ರೈಸ್ತರ ಸಂಸ್ಥೆ ಎಂದು ತೀರ್ಮಾನಿಸಿಬಿಡಬೇಡಿ. ಆ ಕಳ್ಳನ ಪ್ರಸಂಗ ನನಗೆ ಇಷ್ಟ, ಅದಕ್ಕೇ ಹೇಳಿದೆ.)

ವೇದಿಕೆಗೆ ಬರುವವರು ಯಾರು ಎಂಬುದನ್ನೂ ನೋಡಿ. ಟೆಕ್ಸಾಸಿನಲ್ಲಿ ಪ್ರಿಸನ್ ಫೆಲೋಶಿಪ್ ಕೈದಿಗಳಿಗಾಗಿ ನಡೆಸಿದ ಇನ್ನರ್‌ಚೇಂಜ್ ಎಂಬ ಪುನರ್ವಸತಿ ಕಾರ್ಯಕ್ರಮದ ಬಗ್ಗೆ 2003ರಲ್ಲಿ ಬಂದ ಅಧ್ಯಯನದಲ್ಲಿ, ಕಾರ್ಯಕ್ರಮವನ್ನು ಪೂರ್ತಿ ಮುಗಿಸಿದವರಲ್ಲಿ ಸುಮಾರು ಶೇ. 8ರಷ್ಟು ಮಂದಿ ಮಾತ್ರ ಎರಡು ವರ್ಷಗಳೊಳಗೆ ಮತ್ತೆ ಜೈಲಿಗೆ ಹೋಗಿದ್ದರು, ಹೋಲಿಕೆಗೆ ತೆಗೆದುಕೊಂಡವರಲ್ಲಿ ಸುಮಾರು ಶೇ. 20 ಮಂದಿ. ಅದನ್ನು ನೋಡಿ ಎಲ್ಲರೂ ಕುಣಿದಾಡಿದರು. ಆದರೆ ಸೇರಿಕೊಂಡು ಅರ್ಧಕ್ಕೇ ಬಿಟ್ಟವರನ್ನೂ ಸೇರಿಸಿ ಎಣಿಸಿದರೆ ಆ ಅಂಕಿ ಸುಮಾರು ಶೇ. 24, ಅಂದರೆ ಹೋಲಿಕೆಯ ಗುಂಪಿಗಿಂತಲೂ ಹೆಚ್ಚು. ಬಿಟ್ಟುಹೋದವರ ಕತೆಯನ್ನು ಯಾವ ದಾನಿಗಳ ಸಭೆಯಲ್ಲಿಯೂ ನಾನು ಕೇಳಿಲ್ಲ. ಇಂದು ಮಾತನಾಡಿದವನು ನಾಳೆ ಎಡವಿದರೆ, ಅವನಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದವರಿಗೆ ಅವನು ಯಾವ ಮುಖ ತೋರಿಸಬೇಕು?

ನಾನೀಗ ಉಂಡ ಮನೆಯ ಜಂತೆ ಎಣಿಸುತ್ತಿದ್ದೇನೆಂದು ಆ ಸಂಸ್ಥೆಯವರು ಅಂದುಕೊಳ್ಳಬಹುದು. ಈ ಕತೆಗಳಿಲ್ಲದಿದ್ದರೆ ದುಡ್ಡು ಬರುವುದಿಲ್ಲ, ದುಡ್ಡಿಲ್ಲದಿದ್ದರೆ ನಿಲಯವಿಲ್ಲ ಎಂಬ ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಬಿಡುಗಡೆಯಾದವರ ಅಧ್ಯಯನವೊಂದರ ಪ್ರಕಾರ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಉಳಿದ ಜನರಿಗಿಂತ 12.7 ಪಟ್ಟು ಹೆಚ್ಚಾಗಿತ್ತು. ಬಹುಪಾಲು ಮಾದಕವಸ್ತುವಿನ ಮಿತಿಮೀರಿದ ಸೇವನೆಯಿಂದ. ಆ ಹದಿನೈದು ದಿನಗಳಲ್ಲಿ ಬಾಗಿಲು ತೆರೆಯುವವರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಹಾಸಿಗೆಗೆ ಎಷ್ಟು ಖರ್ಚಾಗುತ್ತದೆ, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ಲೆಕ್ಕ ತೋರಿಸಿ ದುಡ್ಡು ಕೇಳಲು ಏನಡ್ಡಿ? ಲೆಕ್ಕ ನೋಡಿ ಯಾರೂ ಅಳುವುದಿಲ್ಲ ಎಂಬುದಷ್ಟೇ ಅಡ್ಡಿಯಾದರೆ, ತಪ್ಪಿರುವುದು ದಾನಿಗಳಲ್ಲಿ, ಅಂದರೆ ನಮ್ಮಲ್ಲಿ.

ನಮ್ಮಲ್ಲಿ ಎಂದು ಸುಮ್ಮನೆ ಬರೆಯಲಿಲ್ಲ. ಎರಡು ವರ್ಷಗಳ ಹಿಂದೆ ಇದೇ ಗೋಡೆಯ ಮೇಲೆ ಆ ನಿಲಯದ ಒಬ್ಬರ ಕತೆಯನ್ನು ನಾನೇ ಬರೆದಿದ್ದೆ. ಹೆಸರು ಬದಲಿಸಿದ್ದೆ, ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟಿದ್ದೆ. ನೀವೆಲ್ಲ ಹಂಚಿಕೊಂಡಿರಿ, ನಾನು ಲೈಕುಗಳನ್ನು ಎಣಿಸುತ್ತ ಕುಳಿತಿದ್ದೆ. ಮುಂದಿನ ವಾರ ಅವರು, ‘ಸರ್, ಅದನ್ನು ತೆಗೆಯಲು ಆಗುತ್ತದೆಯೇ?’ ಎಂದು ಕೇಳಿದರು. ತೆಗೆದೆ, ನಾಲ್ಕು ದಿನ ತಡಮಾಡಿ. ಇಂದು ಸಭೆಯಲ್ಲಿ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಎಲ್ಲರೂ ನಿಂತಿರುವಾಗ ಒಬ್ಬನೇ ಕುಳಿತಿರುವ ಧೈರ್ಯ ನನಗಿರಲಿಲ್ಲ.

ಸಭೆ ಮುಗಿದ ಮೇಲೆ, ವೇದಿಕೆಯಲ್ಲಿ ಮಾತನಾಡಿದ ಆತ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಒಂದು ಕೆಲಸದ ಅರ್ಜಿಯಿತ್ತು. ಮೂಲೆಗೆ ಕರೆದುಕೊಂಡು ಹೋಗಿ, ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಕಾಲಮ್ಮಿನ ಮೇಲೆ ಬೆರಳಿಟ್ಟ. ‘ಸರ್, ಹಿಂದಿನ ವಿಳಾಸ ಎಂದು ಕೇಳಿದ್ದಾರೆ. ಇಲ್ಲಿ ಜೈಲೆಂದು ಬರೆಯಲೇಬೇಕೇ?’