ಬೇಸ್‌ಬಾಲ್‌ನ ಬಲಿಷ್ಠ ತೋಳು ಯಾರದು? ರೇಡಾರ್ ಹೇಳಿದ್ದೇ ಕೊನೆಯ ಮಾತೇ?

ಚೆಂಡನ್ನು ಎಲ್ಲರಿಗಿಂತ ಜೋರಾಗಿ ಎಸೆಯುವ ಬೇಸ್‌ಬಾಲ್ ಆಟಗಾರ ಯಾರು ಎಂಬ ವಾದ ಅಮೆರಿಕದಲ್ಲಿ ನೂರು ವರ್ಷದಿಂದ ನಡೆದಿದೆ. 2015ರಿಂದ ಅಲ್ಲಿನ ಅತಿ ಮೇಲ್ಮಟ್ಟದ ಮೇಜರ್ ಲೀಗಿನ ಎಲ್ಲ 30 ಮೈದಾನಗಳಲ್ಲೂ ಪ್ರತಿ ಎಸೆತದ ವೇಗ ಅಳೆಯುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ ಬಂದಿದೆ. ಹಾಗಾದರೆ ಯಂತ್ರದ ಅಂಕಿಗೇ ತೀರ್ಪು ಬಿಟ್ಟುಬಿಡಬೇಕೇ?

ಪರ: ಅಳೆದದ್ದನ್ನು ಮಾತ್ರ ನಂಬೋಣ

1940ರಲ್ಲಿ ಶಿಕಾಗೋದ ಲಿಂಕನ್ ಪಾರ್ಕಿನಲ್ಲಿ ಒಂದು ವಿಚಿತ್ರ ಪಂದ್ಯ ನಡೆಯಿತು. ಒಂದು ಕಡೆ ಕ್ಲೀವ್‌ಲ್ಯಾಂಡ್ ತಂಡದ ಪಿಚರ್ (ಬ್ಯಾಟುಗಾರನಿಗೆ ಚೆಂಡೆಸೆಯುವವನು) ಬಾಬ್ ಫೆಲ್ಲರ್ ಎಸೆದ ಚೆಂಡು, ಇನ್ನೊಂದು ಕಡೆ ಪೂರಾ ವೇಗದಲ್ಲಿ ನುಗ್ಗಿಬಂದ ಪೊಲೀಸ್ ಮೋಟರ್‌ಸೈಕಲ್. ಚೆಂಡೇ ಮೊದಲು ಗುರಿ ಮುಟ್ಟಿತು. ಅದರ ಫಿಲ್ಮ್ ತುಣುಕು ನೋಡಿದಾಗಲೆಲ್ಲ ನನಗೆ ಅಯ್ಯೋ ಅನ್ನಿಸುತ್ತದೆ. ತನ್ನ ತೋಳಿನ ಬಲ ಎಷ್ಟೆಂದು ತಿಳಿಯುವ ಆಸೆ ಆ ಹುಡುಗನಿಗೂ ಇತ್ತು, ನೋಡುವವರಿಗೂ ಇತ್ತು. ಉಪಕರಣ ಇರಲಿಲ್ಲ, ಅಷ್ಟೇ. ಹಳಬರು ಅಂಕಿ ಬೇಡವೆಂದು ಬದುಕಿದ್ದರು ಅನ್ನುವುದು ಸುಳ್ಳು. ಅವರು ಅಂಕಿಗಾಗಿ ಹಾತೊರೆದಿದ್ದರು, ಸಿಗದಿದ್ದಾಗ ಅಂತೆಕಂತೆಗಳಿಗೆ ಮೊರೆಹೋದರು. ಇಂಥವನ ಚೆಂಡು ಕಣ್ಣಿಗೇ ಕಾಣುತ್ತಿರಲಿಲ್ಲವಂತೆ, ಅಂಥವನ ಎಸೆತಕ್ಕೆ ಬೇಲಿಯ ಹಲಗೆ ಸೀಳಿತಂತೆ.

ಆ ಕಾಲದಲ್ಲೂ ಟೇಪು ಹಿಡಿದು ಅಳೆದದ್ದು ಗಟ್ಟಿಯಾಗಿ ಉಳಿದಿದೆ. 1957ರ ಆಗಸ್ಟ್ 1ರಂದು ಒಮಾಹಾದಲ್ಲಿ ಕೆನಡಾದ ಗ್ಲೆನ್ ಗೋರ್ಬಸ್ ಆರು ಹೆಜ್ಜೆ ಓಡಿಬಂದು ಎಸೆದ ಚೆಂಡು 135.89 ಮೀಟರ್ ದೂರ ಹೋಗಿ ಬಿತ್ತು. ಮೇಜರ್ ಲೀಗಿನಲ್ಲಿ ಹೆಚ್ಚು ಕಾಲ ನಿಲ್ಲದ ಈ ಮನುಷ್ಯನ ಹೆಸರು ಇವತ್ತಿಗೂ ಬದುಕಿರುವುದು ಆ ಒಂದು ಅಳತೆಯಿಂದ.

ಅಳತೆ ಬೇಡವೆನ್ನುವವರು ಅಸಿಸ್ಟ್‌ಗಳ ಲೆಕ್ಕ ಮುಂದಿಡುತ್ತಾರೆ. ಫೀಲ್ಡರ್ ಎಸೆದ ಚೆಂಡಿನಿಂದ, ಬೇಸುಗಳೆಂಬ ನಾಲ್ಕು ನೆಲೆ ಸುತ್ತಿ ರನ್ ಗಳಿಸಲು ಹೊರಟ ಓಟಗಾರ ಔಟಾದರೆ ಎಸೆದವನ ಹೆಸರಿಗೆ ಒಂದು ಅಸಿಸ್ಟ್. ಮೈದಾನದ ದೂರದ ಭಾಗ ಕಾಯುವ ಔಟ್‌ಫೀಲ್ಡರ್‌ಗಳಲ್ಲಿ ಟ್ರಿಸ್ ಸ್ಪೀಕರ್ ಅವರದು 449, ಇಂದಿಗೂ ಅದೇ ದಾಖಲೆ. ಆದರೆ ಸ್ಪೀಕರ್ ಆಡಿದ್ದು ಚೆಂಡು ದೂರ ಹೋಗದಿದ್ದ ಕಾಲದಲ್ಲಿ. ಅವರು ಸೆಂಟರ್ ಫೀಲ್ಡಿನಲ್ಲಿ ತೀರಾ ಮುಂದಕ್ಕೆ ಬಂದು, ಹೆಚ್ಚುಕಡಿಮೆ ಎರಡನೇ ಬೇಸಿನ ಬೆನ್ನಿಗೇ ನಿಲ್ಲುತ್ತಿದ್ದರು. ಹತ್ತಿರದಿಂದ ಎಸೆದರೆ ಔಟ್‌ಗಳು ಸಿಗದೇ ಇರುತ್ತವೆಯೇ? ಆ 449 ಎಲ್ಲಿ ನಿಲ್ಲಬೇಕೆಂದು ಬಲ್ಲವನ ಜಾಣತನಕ್ಕೆ ಸಾಕ್ಷಿ. ತೋಳಿನ ಬಲಕ್ಕೆ ಬೇರೆ ಅಳತೆಯೇ ಬೇಕು.

ಆ ಬೇರೆ ಅಳತೆ ಈಗ ನಮ್ಮ ಕೈಯಲ್ಲಿದೆ. ಎಲ್‌ಬಿಡಬ್ಲ್ಯೂ ತೀರ್ಪಿನ ಹೊತ್ತಿನಲ್ಲಿ ಕ್ರಿಕೆಟ್ ಪರದೆಯ ಮೇಲೆ ನಾವು ನೋಡುವ ಹಾಕ್‌ಐ ತಂತ್ರವೇ 2020ರಿಂದ ಸ್ಟ್ಯಾಟ್‌ಕಾಸ್ಟಿನ ಕಣ್ಣು. ಅದು ಬರೀ ಒಂದು ಎಸೆತ ನೋಡಿ ಬೆನ್ನು ತಟ್ಟುವುದಿಲ್ಲ. ಔಟ್‌ಫೀಲ್ಡರ್‌ನ ಎಲ್ಲ ಎಸೆತಗಳಲ್ಲಿ ಅತಿ ಜೋರಿನ ಶೇ 10ರ ಸರಾಸರಿ ತೆಗೆಯುತ್ತದೆ. ಎಂದೋ ಒಮ್ಮೆ ಗಾಳಿ ಬೀಸಿ ಚೆಂಡು ಹಾರಿದ್ದಕ್ಕೆ ಇಲ್ಲಿ ಪಟ್ಟ ಸಿಗದು.

ಅಂಕಿ ಒಣಗಲು ಅನ್ನುವವರು 2022ರ ಜುಲೈ 14ರ ದೃಶ್ಯವೊಂದನ್ನು ನೋಡಬೇಕು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಓನೀಲ್ ಕ್ರೂಜ್, ಆರಡಿ ಏಳಂಗುಲದ ಎತ್ತರದ ಆಳು, ಎರಡನೇ, ಮೂರನೇ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಿಂದ ಮೊದಲ ಬೇಸಿಗೆ ಚೆಂಡೆಸೆದ. ಗಂಟೆಗೆ 97.8 ಮೈಲಿ, ಅಂದರೆ 157 ಕಿಲೋಮೀಟರು. ಗುಡ್ಡೆಯ ಮೇಲೆ ನಿಂತು, ಕಾಲೆತ್ತಿ, ಮೈಯೆಲ್ಲ ತಿರುಚಿ ಎಸೆಯುವ ಪಿಚರ್‌ಗಳಲ್ಲೂ ಎಷ್ಟೋ ಜನಕ್ಕೆ ಕೈಗೆಟುಕದ ವೇಗ ಇದು. ಬರಿಗಣ್ಣಿಗೆ ಕಂಡದ್ದು ಒಂದು ಬಿಳಿ ಗೆರೆ ಮಾತ್ರ. ಏನು ನೋಡಿದೆವು ಎಂದು ತಿಳಿದದ್ದು ಅಂಕಿ ಬಂದ ಮೇಲೆ.

ವೇಗದ ಬೆಲೆಯೇನು ಎಂದು ಕೇಳಿದರೆ ಲೆಕ್ಕ ಸುಲಭ. ಸುಮಾರು 60 ಮೀಟರ್ ದೂರದ ಎಸೆತದಲ್ಲಿ, ಗಾಳಿಯ ತಡೆ ಬದಿಗಿಟ್ಟರೆ, 100 ಮೈಲಿ ವೇಗದ ಚೆಂಡು 95 ಮೈಲಿ ವೇಗದ್ದಕ್ಕಿಂತ 0.07 ಸೆಕೆಂಡು ಮೊದಲು ಮುಟ್ಟುತ್ತದೆ. ಸೆಕೆಂಡಿಗೆ 27 ಅಡಿ ಓಡುವ ಸಾಧಾರಣ ಮೇಜರ್ ಲೀಗ್ ಓಟಗಾರ ಅಷ್ಟರಲ್ಲಿ ಸುಮಾರು ಎರಡು ಅಡಿ ಸಾಗುತ್ತಾನೆ. ಕೊನೆಯ ನೆಲೆಯಾದ ಹೋಮ್ ಪ್ಲೇಟಿನ ಹತ್ತಿರ ಎರಡು ಅಡಿ ಅಂದರೆ ಔಟೋ ಸೇಫೋ ಎಂಬುದೇ ಅಲ್ಲಿ ತೀರ್ಮಾನ.

ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು. 2008ರಲ್ಲಿ ನಮ್ಮ ದೇಶದಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆ ನಡೆದಾಗ ಉತ್ತರ ಪ್ರದೇಶದ ಜಾವೆಲಿನ್ ಪಟು ರಿಂಕು ಸಿಂಗ್ 87 ಮೈಲಿ, ಅಂದರೆ 140 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆದು ಗೆದ್ದ. ಬೇಸ್‌ಬಾಲ್ ಅವನ ಆಟವೇ ಆಗಿರಲಿಲ್ಲ. ಅದೇ ವರ್ಷ ಪೈರೇಟ್ಸ್ ತಂಡ ಅವನ ಜೊತೆಗೂ ಅದೇ ಸ್ಪರ್ಧೆಯಲ್ಲಿದ್ದ ದಿನೇಶ್ ಪಟೇಲ್ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಕಣ್ಣಂದಾಜಿನಲ್ಲಿ 20ರಿಂದ 80ರವರೆಗೆ ಅಂಕ ಕೊಟ್ಟು ಆಟಗಾರರನ್ನು ಹುಡುಕುವ ಅಮೆರಿಕದ ಸ್ಕೌಟ್‌ಗಳು ಆ ಊರುಗಳತ್ತ ತಲೆ ಹಾಕುವವರೇ? ರೇಡಾರ್ ಗನ್ ಹುಡುಗನ ಭಾಷೆ ಕೇಳಲಿಲ್ಲ, ಓದು ಕೇಳಲಿಲ್ಲ, ಅಪ್ಪ ಯಾರೆಂದೂ ಕೇಳಲಿಲ್ಲ. ಇಂಥ ನ್ಯಾಯ ಮನುಷ್ಯನ ಕಣ್ಣಿನಿಂದ ಸಿಕ್ಕಿದ್ದು ಕಡಿಮೆ.

ಹಿಂದೆ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಔಟ್‌ಫೀಲ್ಡರ್ ಆಗಿದ್ದ ರಾಬರ್ಟೊ ಕ್ಲೆಮೆಂಟೆ ಮೇಲೆ ನನಗೆ ಅಪಾರ ಪ್ರೀತಿಯಿದೆ. ಆದರೆ ಅವರ ತೋಳು ಎಲ್ಲರಿಗಿಂತ ಬಲಿಷ್ಠ ಎಂದು ಯಾರಾದರೂ ಹೇಳಿದರೆ, ಅದು ಪ್ರೀತಿಯ ಮಾತು ಎಂದೇ ತಿಳಿಯುತ್ತೇನೆ. 2016ರ ಏಪ್ರಿಲ್ 20ರಂದು ಯಾಂಕೀಸ್ ತಂಡದ ಆರನ್ ಹಿಕ್ಸ್ ಔಟ್‌ಫೀಲ್ಡಿನಿಂದ ಹೋಮ್ ಪ್ಲೇಟಿಗೆ ಎಸೆದು ಡ್ಯಾನಿ ವಲೆನ್ಸಿಯಾರನ್ನು ಔಟ್ ಮಾಡಿದ ಚೆಂಡಿನ ವೇಗ 105.5 ಮೈಲಿ, ಸುಮಾರು 170 ಕಿಲೋಮೀಟರು. ಇದು ದಾಖಲೆಯಲ್ಲಿರುವ ಮಾತು.

ವಿರೋಧ: ಓಡದೆ ನಿಂತವನನ್ನು ಯಾವ ಯಂತ್ರ ಅಳೆಯುತ್ತದೆ?

1971ರ ಅಕ್ಟೋಬರ್ 16. ಬಾಲ್ಟಿಮೋರ್‌ನಲ್ಲಿ ಮೇಜರ್ ಲೀಗಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸಿನ ಆರನೇ ಪಂದ್ಯ, ರನ್ 2-2 ಸಮ, ಒಂಬತ್ತನೇ ಇನ್ನಿಂಗ್ಸಿನ ಎರಡನೇ ಅರ್ಧ, ಬ್ಯಾಟಿಂಗ್ ಬಾಲ್ಟಿಮೋರ್‌ನದು. ಮೊದಲ ಬೇಸಿನಲ್ಲಿ ಬಾಲ್ಟಿಮೋರ್‌ನ ಮಾರ್ಕ್ ಬೆಲಾಂಜರ್. ಆತ ಹೋಮ್ ಪ್ಲೇಟು ಮುಟ್ಟಿದರೆ ಪಂದ್ಯ ಮುಗಿಯಿತು. ಡಾನ್ ಬ್ಯೂಫರ್ಡ್ ಹೊಡೆದ ಚೆಂಡು ರೈಟ್ ಫೀಲ್ಡಿನ ಮೂಲೆಗೆ ಓಡಿತು. ಬೆಲಾಂಜರ್ ಎರಡನೇ ಬೇಸು ದಾಟಿ ಮೂರನೆಯದರತ್ತ ಹಾರಿದ. ಆ ಮೂಲೆಯಲ್ಲಿ ಚೆಂಡನ್ನು ಎತ್ತಿಕೊಂಡದ್ದು 37 ವರ್ಷದ ಕ್ಲೆಮೆಂಟೆ. ಗರ್ರನೆ ತಿರುಗಿ ಹೋಮ್ ಪ್ಲೇಟಿನತ್ತ ಬೀಸಿದರು. ಬೆಲಾಂಜರ್ ಮೂರನೇ ಬೇಸಿನಲ್ಲೇ ನಿಂತ. ಆ ಇನ್ನಿಂಗ್ಸಿನಲ್ಲಿ ರನ್ ಬರಲಿಲ್ಲ.

ಆ ಎಸೆತದ ವೇಗ ಅಳೆದವರಿಲ್ಲ. ಯಾರೂ ಔಟಾಗದ ಕಾರಣ ಅಸಿಸ್ಟ್ ಪಟ್ಟಿಯಲ್ಲೂ ಅದರ ಗುರುತಿಲ್ಲ. ಹತ್ತನೇ ಇನ್ನಿಂಗ್ಸಿನಲ್ಲಿ ಪಿಟ್ಸ್‌ಬರ್ಗ್ ಆ ಪಂದ್ಯ ಸೋತೂಬಿಟ್ಟಿತು, ಮರುದಿನ ಏಳನೆಯದನ್ನು ಗೆದ್ದು ಸರಣಿ ತನ್ನದಾಗಿಸಿಕೊಂಡಿತು. ಆದರೂ ತೋಳಿನ ಬಲ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಎಸೆತವನ್ನೇ. ಗೆಲ್ಲುವ ರನ್ ಕಣ್ಣೆದುರಿಗಿದ್ದಾಗ ಒಬ್ಬ ವೃತ್ತಿಪರ ಓಟಗಾರನ ಕಾಲು ತಾನಾಗಿ ನಿಂತಿತಲ್ಲ, ಆ ಬಲ.

ಈ ಹೆದರಿಕೆ ಒಂದು ದಿನದ್ದಲ್ಲ. ಕ್ಲೆಮೆಂಟೆ ಐದು ಸಲ, ಮೇಜರ್ ಲೀಗಿನ ಎರಡು ವಿಭಾಗಗಳಲ್ಲೊಂದಾದ ನ್ಯಾಷನಲ್ ಲೀಗಿನ ಔಟ್‌ಫೀಲ್ಡ್ ಅಸಿಸ್ಟ್‌ಗಳಲ್ಲಿ ಮೊದಲಿಗರಾದರು. ವೃತ್ತಿಜೀವನದ ಒಟ್ಟು 266. 1961ರಲ್ಲಂತೂ ಒಂದೇ ಋತುವಿಗೆ 27. ಅವರ ಮೇಲೆ ಓಡಬಾರದು ಎಂಬುದನ್ನು ಇಡೀ ಲೀಗು ಪೆಟ್ಟು ತಿಂದೇ ಕಲಿಯಿತು. ಹಾಗೆ ಕಲಿತ ಮೇಲೆ ಓಡುವವರೇ ಕಡಿಮೆಯಾದರೆ ಅಸಿಸ್ಟ್ ಎಲ್ಲಿಂದ ಬರಬೇಕು? ಹೆದರಿ ನಿಂತ ಓಟಗಾರರನ್ನೂ ಎಣಿಸಿ ಬೆಲೆ ಕಟ್ಟುವ ಲೆಕ್ಕಗಳು ಈಗ ಇವೆ, ಒಪ್ಪುತ್ತೇನೆ. ಆದರೆ ಟಿವಿ ಪರದೆಯ ಮೂಲೆಯಲ್ಲಿ ಮಿಂಚುವುದು ವೇಗವೊಂದೇ, ಹುಡುಗರ ಬಾಯಲ್ಲಿ ಉಳಿಯುವುದೂ ಅದೊಂದೇ.

ಎದುರು ಪಕ್ಷದ ಎರಡು ಅಡಿಯ ಲೆಕ್ಕ ಸರಿಯಾಗಿಯೇ ಇದೆ. ಅದೇ ಲೆಕ್ಕವನ್ನು ಮುಂದುವರಿಸೋಣ. ಚೆಂಡು ಗ್ಲೌಸಿಗೆ ಬಿದ್ದಾಗಿನಿಂದ ಕೈ ಬಿಡುವವರೆಗೆ ಒಬ್ಬ ಫೀಲ್ಡರ್ 0.2 ಸೆಕೆಂಡು ಹೆಚ್ಚು ತೆಗೆದುಕೊಂಡ ಅಂದುಕೊಳ್ಳಿ. ಬೆರಳು ಹೊಲಿಗೆಯ ಮೇಲೆ ಅಡ್ಡಡ್ಡ ಕೂರಲು, ಕಾಲು ಹದವಾಗಲು ಅಷ್ಟು ಹೊತ್ತು ಸಾಮಾನ್ಯ. ಅಷ್ಟರಲ್ಲಿ ಓಟಗಾರ ಐದು ಅಡಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. 5 ಮೈಲಿ ಹೆಚ್ಚಿನ ವೇಗದಿಂದ ಗಳಿಸಿದ ಎರಡು ಅಡಿ ಅದರಲ್ಲಿ ಕೊಚ್ಚಿಹೋಯಿತು. ವೇಗದ ಅಂಕಿಗೆ ಈ ಹೊತ್ತು ಕಾಣುವುದೇ ಇಲ್ಲ. ಎತ್ತರದ ಕ್ಯಾಚಿನ ಕೆಳಗೆ ಕಾದು ನಿಂತು, ಹಿಡಿಯುತ್ತಲೇ ಮುಂದಕ್ಕೆ ಹೆಜ್ಜೆ ಹಾಕಿ ಎಸೆಯುವವನಿಗೂ, ನೆಲದಲ್ಲಿ ಉರುಳುವ ಚೆಂಡನ್ನು ಓಡುತ್ತಲೇ ಬಾಗಿ ಎತ್ತುವವನಿಗೂ ಒಂದೇ ತಕ್ಕಡಿ.

ಇಚಿರೊ ಸುಜುಕಿ 2001ರ ಏಪ್ರಿಲ್ 11ರಂದು ಓಕ್‌ಲ್ಯಾಂಡಿನಲ್ಲಿ ಮಾಡಿದ್ದು ಈ ಎರಡನೆಯದು. ಜಪಾನಿನಿಂದ ಬಂದು ಸಿಯಾಟಲ್ ಪರ ಆಡಲು ಶುರುಮಾಡಿ ದಿನಗಳಾಗಿದ್ದವಷ್ಟೆ. ರೈಟ್ ಫೀಲ್ಡಿಗೆ ಬಂದ ಸಿಂಗಲ್ ಹೊಡೆತವನ್ನು ಓಡುತ್ತ ಎತ್ತಿ ಮೂರನೇ ಬೇಸಿಗೆ ಎಸೆದರು. ಮೊದಲ ಬೇಸಿನಿಂದ ಹೊರಟಿದ್ದ ಟೆರೆನ್ಸ್ ಲಾಂಗ್ ನಿಧಾನಗಾರನೇನಲ್ಲ, ಅವನು ಓಡಿದ್ದು ತಪ್ಪೂ ಅಲ್ಲ. ಚೆಂಡು ಹಗ್ಗ ಎಳೆದು ಕಟ್ಟಿದ ಹಾಗೆ ನೇರ ಬಂತು, ಮೂರನೇ ಬೇಸಿನಲ್ಲಿ ನಿಂತವನು ಗ್ಲೌಸನ್ನು ಆಚೀಚೆ ಸರಿಸಬೇಕಾಗಲಿಲ್ಲ, ಲಾಂಗ್ ತಾನೇ ಜಾರಿ ಬಂದು ಆ ಗ್ಲೌಸಿಗೆ ಕಾಲು ಕೊಟ್ಟ. ಅಭಿಮಾನಿಗಳು ಅದನ್ನು ‘ದಿ ಥ್ರೋ’ ಎಂದೇ ಕರೆಯುತ್ತಾರೆ, ಯಾವ ಎಸೆತ ಎಂದು ಕೇಳುವವರಿಲ್ಲ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ನನ್ನ ಕಣ್ಣು ಹೋಗುವುದು ಆ ಗ್ಲೌಸಿನ ಕಡೆಗೆ.

ಗುರಿಯಿಲ್ಲದ ವೇಗ ಏನಾಗುತ್ತದೆ ಎಂಬುದಕ್ಕೆ ಸ್ಟೀವ್ ಡಲ್ಕೌಸ್ಕಿಯ ಬದುಕೇ ಇದೆ. ತನ್ನ ಕಾಲದ ಅತಿ ವೇಗದ ಪಿಚರ್ ಎಂದು ಕಂಡವರೆಲ್ಲ ಹೇಳುತ್ತಿದ್ದ ಈತ 1960ರಲ್ಲಿ ಸ್ಟಾಕ್ಟನ್ ತಂಡಕ್ಕೆ 170 ಇನ್ನಿಂಗ್ಸ್ ಎಸೆದು 262 ಜನರನ್ನು ಚೆಂಡು ಹೊಡೆಯಲಾಗದಂತೆ ಸ್ಟ್ರೈಕ್‌ಔಟ್ ಮಾಡಿದ, ಗುರಿ ತಪ್ಪಿ ಎಸೆದು ಅಷ್ಟೇ 262 ಜನರಿಗೆ ಪುಕ್ಕಟೆ ವಾಕ್, ಅಂದರೆ ಮೊದಲ ಬೇಸು ಕೊಟ್ಟ. ಮೇಜರ್ ಲೀಗಿನ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಅವನನ್ನೂ ಒಮ್ಮೆ ಅಳೆದಿದ್ದರು. 1958ರಲ್ಲಿ ಸೈನ್ಯದ ಅಬರ್ಡೀನ್ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದರು. ಹಿಂದಿನ ದಿನವಷ್ಟೇ ಪಂದ್ಯವಾಡಿ ದಣಿದಿದ್ದ ತೋಳು, ನಿಲ್ಲಲು ಪಿಚರ್ ಗುಡ್ಡೆಯಿಲ್ಲ, ಯಂತ್ರದ ಕಿಂಡಿಗೆ ಚೆಂಡು ಸರಿಯಾಗಿ ಬೀಳುವವರೆಗೆ 40 ನಿಮಿಷ ಎಸೆಯುತ್ತಲೇ ಇರಬೇಕಾಯಿತು. ಕೊನೆಗೆ ಬಂದ ಅಂಕಿ 93.5 ಮೈಲಿ. ಅಳೆದದ್ದನ್ನೇ ನಂಬುವುದಾದರೆ ಡಲ್ಕೌಸ್ಕಿ ಒಬ್ಬ ಸಾಧಾರಣ ವೇಗದ ಪಿಚರ್. ಅವನೆದುರು ಬ್ಯಾಟ್ ಹಿಡಿದು ನಿಂತವರ ಮುಂದೆ ಈ ಮಾತು ಹೇಳಿ ನೋಡಬೇಕಿತ್ತು.

ಗೋರ್ಬಸ್ ವಿಷಯವನ್ನು ಎದುರು ಪಕ್ಷದವರೇ ಎತ್ತಿ ನನ್ನ ಕೆಲಸ ಹಗುರ ಮಾಡಿದ್ದಾರೆ. ಲೋಕದಲ್ಲೇ ದೂರಕ್ಕೆಸೆದ ತೋಳು ಅದು. ಆ ತೋಳಿನಿಂದ ಒಂದು ತಂಡದಲ್ಲಿ ಗಟ್ಟಿಯಾಗಿ ಜಾಗ ಹಿಡಿಯಲು ಆಗಲಿಲ್ಲವೆಂದರೆ ಆಟ ಬೇಡುವ ಬಲವೇ ಬೇರೆ ಇರಬೇಕು.

ಈ ಅಂಕಿಯ ಹುಚ್ಚಿಗೆ ಬೆಲೆ ತೆರುತ್ತಿರುವುದು ಮೊಣಕೈಗಳು. ಸುಮ್ಮನೆ ಓದಿ ಮುಂದೆ ಹೋಗುವ ಸಂಗತಿಯಲ್ಲ ಇದು. ಮೇಜರ್ ಲೀಗಿನಲ್ಲಿ ಫೋರ್-ಸೀಮ್ ಫಾಸ್ಟ್‌ಬಾಲ್ ಎಂಬ ಪಿಚರ್‌ಗಳ ನೇರ ವೇಗದೆಸೆತದ ಸರಾಸರಿ ವೇಗ 2008ರಲ್ಲಿ 91.3 ಮೈಲಿ ಇದ್ದದ್ದು 2024ರಲ್ಲಿ 94.2ಕ್ಕೆ ಏರಿತು. ಪಿಚರ್‌ಗಳ ಗಾಯದ ಬಗ್ಗೆ 2024ರ ಡಿಸೆಂಬರಿನಲ್ಲಿ ಲೀಗೇ ಹೊರತಂದ ವರದಿ, ವೇಗದ ಬೆನ್ನು ಹತ್ತಿದ್ದೇ ಮುಖ್ಯ ಕಾರಣಗಳಲ್ಲೊಂದು ಎಂದಿತು. ಮೊಣಕೈಯ ಒಳಬದಿಯಲ್ಲಿ ಎರಡು ಮೂಳೆಗಳನ್ನು ಹಿಡಿದಿಡುವ ಚಿಕ್ಕದೊಂದು ಅಸ್ಥಿರಜ್ಜು ಇದೆ. ತೋಳು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುವ ಗಳಿಗೆಯಲ್ಲಿ ಅದರ ಮೇಲೆ ಬೀಳುವ ಸೆಳೆತ ಅಷ್ಟಿಷ್ಟಲ್ಲ. ಹರಿದರೆ ಮೈಯ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಹೊಲಿಯಬೇಕು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದಾಗ ಟಾಮಿ ಜಾನ್ ಎಂಬ ಪಿಚರ್ ಮತ್ತೆ ಎಸೆದದ್ದೇ ಪವಾಡವಾಗಿತ್ತು. ಇಂದು ಶಾಲೆಗೆ ಹೋಗುವ ಹುಡುಗರಿಗೂ ಆ ಶಸ್ತ್ರಚಿಕಿತ್ಸೆ ಆಗುತ್ತಿದೆ. ಆ ಹುಡುಗರಿಗೆ ರೇಡಾರ್ ಗನ್ ತೋರಿಸಿ, ಇದೇ ನಿನ್ನ ಬೆಲೆ ಅಂದವರು ನಾವು ದೊಡ್ಡವರೇ.

ರಿಂಕು ಸಿಂಗ್‌ಗೆ ಬಾಗಿಲು ತೆರೆದದ್ದು ಅಂಕಿಯೇ, ಅದನ್ನು ಅಲ್ಲಗಳೆಯುವಷ್ಟು ಕಲ್ಲೆದೆ ನನ್ನದಲ್ಲ. ಕ್ಲೆಮೆಂಟೆ ಕೂಡ ಪೋರ್ಟೊ ರಿಕೋದ ಶಾಲೆಯಲ್ಲಿ ಜಾವೆಲಿನ್ ಎಸೆದು ಬೆಳೆದವರು, ಆಡಿದ್ದು ಅದೇ ಪೈರೇಟ್ಸ್ ತಂಡಕ್ಕೆ. ಆದರೆ 87 ಮೈಲಿಯ ನಂತರ ರಿಂಕು, ದಿನೇಶ್ ಇಬ್ಬರೂ ಮಾಜಿ ಪಿಚರ್ ಟಾಮ್ ಹೌಸ್ ಬಳಿ ತಿಂಗಳುಗಟ್ಟಲೆ ಮೊದಲಿನಿಂದ ಎಲ್ಲವನ್ನೂ ಕಲಿಯಬೇಕಾಯಿತು. ಆಮೇಲೂ ಇಬ್ಬರಿಗೂ ಮೇಜರ್ ಲೀಗಿನ ಮೆಟ್ಟಿಲು ಸಿಗಲಿಲ್ಲ.

ಪಟ್ಟಿ ಮಾಡು ಅಂದರೆ ನಾನು ಕ್ಲೆಮೆಂಟೆಯನ್ನು ಮೊದಲಿಡುತ್ತೇನೆ, ಇಚಿರೊ ಎರಡನೆಯವರು. ಹಿಕ್ಸ್, ಕ್ರೂಜ್ ಅವರಿಗೂ ಜಾಗವಿದೆ, ಕೆಳಗೆ. ಪ್ರಸಾರ ಮಾಡುವವರಲ್ಲಿ ನನ್ನದು ಒಂದೇ ಬೇಡಿಕೆ: ಎಸೆತದ ವೇಗ ತೋರಿಸುವ ಅದೇ ಪಟ್ಟಿಯಲ್ಲಿ ಚೆಂಡು ಎತ್ತಿದ್ದರಿಂದ ಕೈ ಬಿಟ್ಟವರೆಗಿನ ಹೊತ್ತನ್ನೂ, ಆ ಆಟಗಾರನನ್ನು ಕಂಡು ಆ ಋತುವಿನಲ್ಲಿ ಎಷ್ಟು ಓಟಗಾರರು ಮುಂದಿನ ಬೇಸಿಗೆ ಹೋಗದೆ ನಿಂತರು ಎಂಬುದನ್ನೂ ತೋರಿಸಿ.